ಅಪ್‌ಡೇಟ್: ಮಗಳ ವೆಂಟಿಲೇಟರ್ ತೆಗೆದರು

28 ವಾರಕ್ಕೇ ಹುಟ್ಟಿದ ಮಗಳಿಗೆ ವೆಂಟಿಲೇಟರ್ ಹಾಕಿದ್ದಾರೆ, ತೆಗೆದರೆ ಉಸಿರಾಡ್ತಾಳಾ ಅಂತ ಅವತ್ತು ಕೇಳಿದ್ದೆ. ಆರನೇ ದಿನ ಟ್ಯೂಬ್ ತೆಗೆದರು. ಈಗ ಮೂಗಿಗೆ ಸಿಪ್ಯಾಪ್ ಇದೆ. ಉಸಿರು ಅವಳದೇ, ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದ ಹಾಗೆ ಗಾಳಿಯ ಒತ್ತಡ ಮಾತ್ರ ಅದರದ್ದು. ಆ ಕೆಲಸ ಮಾಡಬೇಕಾದ, ಶ್ವಾಸಕೋಶದಲ್ಲೇ ತಯಾರಾಗುವ ಸರ್ಫ್ಯಾಕ್ಟೆಂಟ್ ಅನ್ನೋ ವಸ್ತು ಅವಳಲ್ಲಿ ಸಾಕಷ್ಟು ಇರಲಿಲ್ಲ, ಹುಟ್ಟಿದ ದಿನವೇ ಟ್ಯೂಬಿನಲ್ಲಿ ಕೊಟ್ಟಿದ್ದರು. ಉಸಿರಾಡೋದನ್ನ ಮರೆಯದಿರಲಿ ಅಂತ ದಿನಾ ಕೆಫೀನ್ ಕೊಡ್ತಾರೆ, ಕಾಫಿಯಲ್ಲಿರುತ್ತಲ್ಲ, ಅದೇ.

ಮಾನಿಟರ್‌ನಲ್ಲಿ ರಕ್ತದ ಆಕ್ಸಿಜನ್ ಶೇಕಡಾ 100 ಇಲ್ಲವಲ್ಲ ಅಂತ ಗಾಬರಿಯಾಗಿದ್ದೆ. ಆಕ್ಸಿಜನ್ ಕೊಡುವಾಗ 90ರಿಂದ 95ರೊಳಗೇ ಇರಬೇಕಂತೆ, ಜಾಸ್ತಿಯಾದರೆ ಕಣ್ಣಿನ ರೆಟಿನಾಗೆ ಅಪಾಯ.

ನಿನ್ನೆ ಮೊದಲ ಸಲ ಎದೆ ಮೇಲೆ ಮಲಗಿಸಿಕೊಂಡೆ, ಪೈಪ್ ಸಮೇತ. ಒಂದು ಗಂಟೆ ಪೂರ್ತಿ ಅಲಾರಂ ಕೂಗಲೇ ಇಲ್ಲ. ಅವತ್ತು ಧೈರ್ಯ ಹೇಳಿದ ಅಕ್ಕಂದಿರೇ, ನಿಮ್ಮನ್ನು ಮರೆಯಲ್ಲ.