ಪುಡಿಂಗ್‌ಗೆ ಕಡುಬು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹ್ಯಾನಾ ಗ್ಲಾಸ್ ಅನ್ನುವ ಇಂಗ್ಲೆಂಡಿನ ಹೆಂಗಸು 1747ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದ ಕೆಲವು ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ: ಪುಡಿಂಗ್.

ಪುಡಿಂಗ್ ಅಂದ ಕೂಡಲೇ ನಮಗೆ ನೆನಪಾಗುವುದು ಬೇಕರಿಯ ಬ್ರೆಡ್ ಪುಡಿಂಗ್, ಬಟ್ಟಲಲ್ಲಿ ಅಲುಗಾಡುವ ಕ್ಯಾರಮೆಲ್ ಪುಡಿಂಗ್. ಹಾಗಾಗಿ ಬ್ಲ್ಯಾಕ್ ಪುಡಿಂಗ್ ಅಂತ ಓದಿದವರು ಚಾಕೊಲೇಟ್ ಇರಬೇಕು ಅಂದುಕೊಳ್ಳುತ್ತಾರೆ. ಅದು ಹಂದಿಯ ರಕ್ತ, ಕೊಬ್ಬು, ಓಟ್ಸ್ ಕಲಸಿ ಕರುಳಿಗೆ ತುಂಬಿ ಬೇಯಿಸಿದ್ದು. ಪದದ ಹಳೆಯ ಅರ್ಥವೂ ಅದೇ. ಫ್ರೆಂಚಿನ ಬೂದಾಂ ಅನ್ನುವ ಮಾತಿನಿಂದ ಇದು ಬಂತು ಎಂದು ಹೆಚ್ಚಿನವರು ಹೇಳುತ್ತಾರೆ. ಫ್ರೆಂಚರು ಇವತ್ತಿಗೂ ರಕ್ತ ತುಂಬಿದ ಕರುಳಿಗೆ ಹಾಗೇ ಅನ್ನುತ್ತಾರೆ.

ಕರುಳು ಬೇಕೆಂದರೆ ಪ್ರಾಣಿ ಕಡಿಯಬೇಕು. 1600ರ ನಂತರ ಕರುಳಿನ ಜಾಗಕ್ಕೆ ಬಟ್ಟೆ ಬಂತು. ಆಮೇಲೆ ಯಾವ ದಿನ ಬೇಕಾದರೂ ಪುಡಿಂಗ್ ಮಾಡಬಹುದಾಯಿತು. ಹಿಟ್ಟು, ಬ್ರೆಡ್ ಪುಡಿ, ಮೊಟ್ಟೆ, ಒಣದ್ರಾಕ್ಷಿ, ಜೊತೆಗೆ ದನದ ಕಿಡ್ನಿಯ ಸುತ್ತ ಇರುವ ಗಟ್ಟಿ ಕೊಬ್ಬು. ಈ ಕೊಬ್ಬಿಗೆ ನಮ್ಮ ಹಳೆಯ ಪದ 'ನೆಣ' ಚೆನ್ನಾಗಿ ಒಪ್ಪುತ್ತದೆ ಅನ್ನಿಸಿತು.

ಹ್ಯಾನಾ ಹೇಳುವ ರೀತಿ ನೋಡಿ. ಬಟ್ಟೆಯಲ್ಲಿ ಸೋಪಿನ ಅಂಶ ಇರಬಾರದು. ಬಿಸಿನೀರಲ್ಲಿ ಅದ್ದಿ, ಮೇಲೆ ಚೆನ್ನಾಗಿ ಹಿಟ್ಟು ಉದುರಿಸಬೇಕು. ಬ್ರೆಡ್ಡಿನ ಪುಡಿಂಗ್ ಆದರೆ ಸಡಿಲವಾಗಿ ಕಟ್ಟಬೇಕು, ತೆಳು ಹಿಟ್ಟಿನದಾದರೆ ಬಿಗಿಯಾಗಿ. ನೀರು ಕುದಿಯುವಾಗಲೇ ಬಿಡಬೇಕು, ತಳ ಹಿಡಿಯದ ಹಾಗೆ ಆಗಾಗ ಅಲುಗಿಸುತ್ತಿರಬೇಕು. ಓದುತ್ತಾ ನನಗೆ ಕಂಡಿದ್ದು ನಮ್ಮಮ್ಮ ಇಡ್ಲಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ತಟ್ಟೆಗೆ ಹಾಸುವುದು. ನಮ್ಮದು ಹಬೆಯಲ್ಲಿ ಬೇಯುತ್ತದೆ, ಅವರದು ನೀರಲ್ಲೇ ಮುಳುಗಿ ಬೇಯುತ್ತದೆ, ಅಷ್ಟೇ.

ಅದಕ್ಕೇ ಕಡುಬು ಅನ್ನೋಣ ಅನ್ನಿಸಿದ್ದು. ಗಣೇಶನ ಹಬ್ಬದ ಸಿಹಿ ಕಡುಬು, ಮಂಗಳೂರಿನ ಕಡೆ ಹಲಸಿನ ಎಲೆಯ ಕೊಟ್ಟೆ ಕಡುಬು, ಎಣ್ಣೆಯಲ್ಲಿ ಕರಿದ ಕರಿಗಡುಬು. ಆಕಾರ ಬೇರೆ, ರುಚಿ ಬೇರೆ, ಹೆಸರು ಮಾತ್ರ ಒಂದೇ. ಪುಡಿಂಗ್ ಕಥೆಯೂ ಹಾಗೇ ಅಲ್ವಾ?

ಆದರೆ ಎಲ್ಲ ಕಡೆ ಇದು ಹೊಂದುವುದಿಲ್ಲ. ಯಾರ್ಕ್‌ಷೈರ್ ಪುಡಿಂಗನ್ನು ನೀರಲ್ಲಿ ಬೇಯಿಸುವುದೇ ಇಲ್ಲ. ಬೆಂಕಿಯ ಮುಂದೆ ಸುಡುತ್ತಿರುವ ಮಾಂಸದ ಕೆಳಗೆ ಹಿಟ್ಟಿನ ಬಾಣಲೆ ಇಟ್ಟು, ತೊಟ್ಟಿಕ್ಕುವ ಕೊಬ್ಬಿನಲ್ಲೇ ಅದನ್ನು ಉಬ್ಬಿಸುತ್ತಿದ್ದರು. 1737ರ ಪುಸ್ತಕವೊಂದರಲ್ಲಿ ಅದರ ಹೆಸರು ಡ್ರಿಪ್ಪಿಂಗ್ ಪುಡಿಂಗ್. ಯಾರ್ಕ್‌ಷೈರ್ ಹೆಸರು ಹ್ಯಾನಾ ಪುಸ್ತಕದಲ್ಲಿದೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ಇನ್ನೊಂದು ತೊಡಕು. ಬ್ರಿಟನ್ನಿನಲ್ಲಿ ಈಗ ಊಟದ ಕೊನೆಯ ಯಾವ ಸಿಹಿಗಾದರೂ ಪುಡಿಂಗ್ ಅನ್ನುತ್ತಾರೆ, ಐಸ್‌ಕ್ರೀಮ್ ಇದ್ದರೂ ಸರಿ. ಆ ಅರ್ಥ ಬರುವ ಕಡೆ ಕನ್ನಡದಲ್ಲಿ 'ಸಿಹಿ' ಅಂದರೆ ಸಾಕು. ಕ್ರಿಸ್ಮಸ್ಸಿನ ಪ್ಲಮ್ ಪುಡಿಂಗಿನಲ್ಲಂತೂ ಪ್ಲಮ್ ಹಣ್ಣೇ ಇಲ್ಲ. ಆಗ ಒಣದ್ರಾಕ್ಷಿಗೇ ಪ್ಲಮ್ ಅನ್ನುತ್ತಿದ್ದರು. ಹಾಗಾಗಿ ನಾನು ಬರೆದದ್ದು 'ಒಣದ್ರಾಕ್ಷಿ ಕಡುಬು'.

ಈಗ ನಿಮ್ಮನ್ನು ಕೇಳಬೇಕಾದ್ದು. ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿಗೇ ಬಿಟ್ಟು ಬೇಯಿಸುವ ತಿಂಡಿ ನಿಮ್ಮ ಕಡೆ ಇದೆಯೇ? ಏನನ್ನುತ್ತೀರಿ? ಮಾಂಸದಡುಗೆ ಮಾಡುವ ಮನೆಯವರು ಇನ್ನೊಂದು ಹೇಳಿ: ಕರುಳಿಗೆ ತುಂಬಿ ಬೇಯಿಸಿದ್ದಕ್ಕೆ ಮನೆಯಲ್ಲಿ ಆಡುವ ಪದ ಯಾವುದು? ಬ್ಲ್ಯಾಕ್ ಪುಡಿಂಗ್ ಬರುವ ಪುಟದಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.