ಗಾಜಿನ ಲೋಟದ ಮೇಣದಬತ್ತಿಗೆ ಬಿಳಿ ಮಚ್ಚೆ: ತಾಂಬೂಲಕ್ಕೆ ಕೊಡಬಹುದೇ?

ಪ್ರಶ್ನೆ (ಗೃಹಿಣಿ, ಬನಶಂಕರಿ):

ಇನ್ನು ಹದಿನಾರು ದಿನಕ್ಕೆ ನಮ್ಮ ಗೃಹಪ್ರವೇಶ. ಬಂದವರಿಗೆ ತಾಂಬೂಲದ ಜೊತೆ ಕೊಡಲೆಂದು ನಾನೇ 40 ಮೇಣದಬತ್ತಿ ಮಾಡಿದ್ದೇನೆ. ಚಿಕ್ಕಪೇಟೆಯಿಂದ ತಂದ ಗಿಡ್ಡ ಗಾಜಿನ ಲೋಟಗಳು, ಒಂದೊಂದಕ್ಕೂ 150 ಗ್ರಾಂ ಸೋಯಾ ಮೇಣ, ಕಡುಗೆಂಪು ಬಣ್ಣ, ಮಲ್ಲಿಗೆಯ ಸುಗಂಧ ಎಣ್ಣೆ. ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು ಸುರಿದು ಮಲಗಿದೆ. ಬೆಳಿಗ್ಗೆ ನೋಡಿದರೆ ಕೆಲವದರ ಮೇಲೆ ಹಿಟ್ಟು ಉದುರಿದಂತೆ ಬಿಳಿ ಪದರ, ಕೆಲವದರಲ್ಲಿ ಗಾಜಿನ ಒಳಗೆ ನೀರು ಇಳಿದಂಥ ಮಚ್ಚೆ, ನಾಲ್ಕೈದರಲ್ಲಿ ಬತ್ತಿಯ ಪಕ್ಕ ಗುಂಡಿ. ನಾದಿನಿ ನೋಡಿ, ‘ಅತ್ತಿಗೆ, ಬೂಷ್ಟು ಹಿಡಿದಿದೆ’ ಎಂದಳು. ಅಂದಿನಿಂದ ಊಟ ಸೇರುತ್ತಿಲ್ಲ. ಎಲ್ಲವನ್ನೂ ಕರಗಿಸಿ ಮತ್ತೆ ಸುರಿಯಬೇಕೇ ಮೇಡಂ?

ಉತ್ತರ (ಮೇಣದಬತ್ತಿ ತಯಾರಕಿ, ರಾಜಾಜಿನಗರ):

ಕರಗಿಸಬೇಡಿ. ಮೊದಲು ಊಟ ಮಾಡಿ. ಅದು ಬೂಷ್ಟು ಅಲ್ಲ, ಮೇಣದಲ್ಲಿ ಬೂಷ್ಟು ಬೆಳೆಯಲು ಬೇಕಾದ ತೇವವೇ ಇರುವುದಿಲ್ಲ.

ಮನೆಯಲ್ಲಿ ಬೆಣ್ಣೆ ಕಾಯಿಸಿದ್ದೀರಲ್ಲ, ತುಪ್ಪ ನಿಧಾನವಾಗಿ ಆರಿದರೆ ಮರಳು ಮರಳಾಗುತ್ತದೆ, ಬೇಗ ಆರಿದರೆ ನುಣ್ಣಗೆ ಹೆಪ್ಪುಗಟ್ಟುತ್ತದೆ. ತುಪ್ಪ ಅದೇ, ಹರಳಿನ ಜೋಡಣೆ ಬೇರೆ. ಸೋಯಾ ಮೇಣವೂ ಅಂಥದೇ ಒಂದು ಕೊಬ್ಬು. ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ಅದರ ಹರಳುಗಳು ತಮಗೆ ಒಗ್ಗುವ ರೂಪಕ್ಕೆ ಮರಳುವಾಗ ಹೊರಮೈಯಲ್ಲಿ ಬಿಳಿ ಹೂ ಬಿಟ್ಟಂತೆ ಕಾಣುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಫ್ರಾಸ್ಟಿಂಗ್ ಎನ್ನುತ್ತೇವೆ. ಬಿಳಿ ಮೇಣದಬತ್ತಿಯಲ್ಲೂ ಇದು ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನೀವು ಕಡುಗೆಂಪು ಹಾಕಿದ್ದರಿಂದ ಎದ್ದು ಕಂಡಿದೆ. ಉರಿಯುವುದಕ್ಕೂ ಪರಿಮಳಕ್ಕೂ ಇದರಿಂದ ಏನೂ ಕುಂದಿಲ್ಲ. ಮುಂದಿನ ಸಲ ಬಣ್ಣವನ್ನು ತಿಳಿಯಾಗಿಸಿ, ಇಲ್ಲವೇ ಸೋಯಾಗೆ ಸ್ವಲ್ಪ ತೆಂಗಿನ ಮೇಣ ಬೆರೆತ ಮಿಶ್ರಣ ತನ್ನಿ. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದರೆ ಮೇಲ್ಭಾಗದ ಬಿಳಿ ಕರಗಿ ಹೋಗುತ್ತದೆ, ಆದರೆ ಗಾಜಿನ ಗೋಡೆಯ ಕಡೆಯದು ಉಳಿಯುತ್ತದೆ, ಕೆಲವು ದಿನಗಳಲ್ಲಿ ಮೇಲಿನದೂ ಮರಳಿ ಬರಬಹುದು.

ನೀರಿನ ಮಚ್ಚೆಯಲ್ಲಿ ನೀರೇ ಇಲ್ಲ. ಮೇಣ ಆರುತ್ತಾ ಕುಗ್ಗುತ್ತದೆ, ಕುಗ್ಗುವಾಗ ಕೆಲವೆಡೆ ಗಾಜನ್ನು ಬಿಟ್ಟುಬಿಡುತ್ತದೆ, ಆ ಸಂದಿಗೆ ಗಾಳಿ ಸೇರುತ್ತದೆ. ನೀವು ಲೋಟಗಳನ್ನಿಟ್ಟ ಕಟ್ಟೆ ಗ್ರಾನೈಟ್ ಆಗಿರಬೇಕು. ಈಗ ನಮ್ಮೂರಿನಲ್ಲಿ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಬೆಳಗಿನ ಜಾವ ಆ ಕಲ್ಲಿಗೆ ಅಂಗೈ ಇಟ್ಟು ನೋಡಿ. ಲೋಟದ ತಳ ಕಲ್ಲಿಗೆ ತಗುಲಿ ಬೇಗ ಆರಿದೆ, ನಡುವಿನ ಮೇಣ ಇನ್ನೂ ದ್ರವವಾಗಿದೆ, ಸೆಳೆತ ಎಲ್ಲಾ ಕಡೆಗೂ ಸಮನಾಗಿಲ್ಲ. ಹೊಸ ಮೇಣ ಕೊಳ್ಳುವುದಕ್ಕಿಂತ ನಾಲ್ಕು ಹಳೆಯ ದಿನಪತ್ರಿಕೆ ಹಾಸುವುದು ಮೇಲು. ಲೋಟಗಳನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಕೂದಲು ಒಣಗಿಸುವ ಯಂತ್ರದಿಂದ ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿ, ನಾಲ್ಕು ಬೆರಳು ಅಂತರವಿಟ್ಟು ಸುರಿಯಿರಿ. ಮೇಲೊಂದು ರಟ್ಟಿನ ಪೆಟ್ಟಿಗೆ ಬೋರಲು ಹಾಕಿ. ಫ್ಯಾನ್ ಬೇಡ.

ಗುಂಡಿ ಬಿದ್ದವುಗಳಿಗೆ ಮಾತ್ರ ಸ್ವಲ್ಪ ಕೆಲಸವಿದೆ. ಬತ್ತಿಯ ಸುತ್ತ ಊದುಬತ್ತಿಯ ಕಡ್ಡಿಯಿಂದ ಎರಡು ಮೂರು ಕಡೆ ಚುಚ್ಚಿ ನೋಡಿ. ಒಳಗೆ ಟೊಳ್ಳಿದ್ದರೆ ಕಡ್ಡಿ ಥಟ್ಟನೆ ಇಳಿಯುತ್ತದೆ. ಆ ತೂತಿಗೆ ಅದೇ ಬಣ್ಣದ ಮೇಣವನ್ನು, ಮೊದಲ ಸಲಕ್ಕಿಂತ ಐದು ಡಿಗ್ರಿ ಹೆಚ್ಚು ಬಿಸಿಯಲ್ಲಿ, ತೆಳುವಾಗಿ ಸುರಿಯಿರಿ. ಟೊಳ್ಳನ್ನು ಮುಚ್ಚದೆ ಮೇಲೆ ಮಾತ್ರ ನಯ ಮಾಡಬೇಡಿ. ಜ್ವಾಲೆ ಅಲ್ಲಿಗೆ ಇಳಿದಾಗ ಮೇಣ ಒಮ್ಮೆಲೇ ಕುಸಿದು ಬತ್ತಿ ಮುಳುಗುತ್ತದೆ.

ಪ್ರಶ್ನೆ (ಮತ್ತೊಬ್ಬ ಸದಸ್ಯರು, ಯಲಹಂಕ):

ಫ್ರಿಜ್‌ನಲ್ಲಿಟ್ಟರೆ ಬೇಗ ಗಟ್ಟಿಯಾಗಿ ಮೇಲ್ಭಾಗ ನುಣ್ಣಗೆ ಬರುತ್ತದೆ ಎಂದು ಕೇಳಿದ್ದೇನೆ. ತುಪ್ಪದ ಲೆಕ್ಕದಲ್ಲೂ ಅದು ಸರಿಯಲ್ಲವೇ? ಇನ್ನೊಂದು, ನಾನು ಮಾಡಿದ ವೆನಿಲಾ ಬತ್ತಿ ಎರಡು ವಾರದಲ್ಲಿ ಟೀ ಬಣ್ಣಕ್ಕೆ ತಿರುಗಿದೆ.

ಉತ್ತರ:

ಫ್ರಿಜ್‌ಗೆ ಇಡಬೇಡಿ. ತುಪ್ಪ ಡಬ್ಬಿಯ ಗೋಡೆ ಬಿಟ್ಟರೂ ಯಾರೂ ನೋಡುವುದಿಲ್ಲ, ಇಲ್ಲಿ ಗಾಜಿನಿಂದಲೇ ಎಲ್ಲವೂ ಕಾಣುತ್ತದೆ. ಹೊರಮೈ ಮೊದಲು ಬಿಗಿದು ಒಳಗೆ ಟೊಳ್ಳು, ಮೇಲೆ ಬಿರುಕು ಬರುತ್ತದೆ. ಬಿಸಿ ಗಾಜೂ ಸೀಳಬಹುದು.

ವೆನಿಲಾ ಪರಿಮಳದಲ್ಲಿರುವ ವೆನಿಲಿನ್ ಎಂಬ ಅಂಶವೇ ಮೇಣವನ್ನು ಕಂದು ಮಾಡುತ್ತದೆ. ಅದನ್ನು ತಿದ್ದಲು ಹೋಗದೆ ಮೊದಲೇ ಕಾಫಿ ಬಣ್ಣ ಹಾಕಿಬಿಡಿ.

ಪ್ರಶ್ನೆ (ಬನಶಂಕರಿ):

ಮೇಡಂ, ಕಟ್ಟೆ ಗ್ರಾನೈಟೇ. ಫ್ಯಾನ್ ಕೂಡ ತಿರುಗುತ್ತಿತ್ತು. ಒಂದು ಮಾತು ಹೇಳಲು ಮರೆತೆ. ಕೊನೆಯ ಆರು ಲೋಟಗಳಿಗೆ ಉಳಿದ ಎಣ್ಣೆಯನ್ನೆಲ್ಲ ಹಾಕಿಬಿಟ್ಟೆ, ಸುಮಾರು 120 ಗ್ರಾಂ ಇತ್ತು. ಅವುಗಳ ಮೇಲೆ ಈಗ ಬೆವರಿನಂತೆ ಹನಿ ಕೂತಿದೆ. ಬಟ್ಟೆಯಿಂದ ಒರೆಸಿ ಕೊಟ್ಟರೆ ಆದೀತೇ? ಉಳಿದವಕ್ಕೆಲ್ಲ ಅಳತೆಯಂತೆ ಹತ್ತು ಹತ್ತು ಗ್ರಾಂ ಹಾಕಿದ್ದೇನೆ.

ಉತ್ತರ:

ಈ ಆರನ್ನು ಯಾರಿಗೂ ಕೊಡಬೇಡಿ. ಬಿಳಿ ಪದರ, ನೀರಿನ ಮಚ್ಚೆ ಕಣ್ಣಿನ ದೋಷಗಳು, ಇದು ಬೆಂಕಿಯದು. ಸೋಯಾ ಮೇಣ ಸಾಮಾನ್ಯವಾಗಿ ತೂಕದ ನೂರಕ್ಕೆ ಆರರಿಂದ ಹತ್ತರಷ್ಟು ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಆರು ಲೋಟಗಳಲ್ಲಿ 900 ಗ್ರಾಂ ಮೇಣಕ್ಕೆ 120 ಗ್ರಾಂ, ಅಂದರೆ ನೂರಕ್ಕೆ ಹದಿಮೂರರ ಮೇಲೆ. ಹಿಡಿಯಲಾಗದ್ದನ್ನು ಮೇಣ ಹೊರಗೆ ಹಾಕುತ್ತಿದೆ. ಮೇಲೆ ನಿಂತ ಎಣ್ಣೆಗೆ ಜ್ವಾಲೆ ತಗುಲಿದರೆ ಬತ್ತಿ ಬಿಟ್ಟು ಮೇಲ್ಮೈಯೇ ಹೊತ್ತಿಕೊಳ್ಳಬಹುದು. ಒರೆಸಿದರೆ ಈಗಿನ ಹನಿ ಹೋಗುತ್ತದೆ, ಒಳಗಿನ ಎಣ್ಣೆ ಎಲ್ಲಿಗೆ ಹೋಗಬೇಕು? ಚೈತ್ರದ ಸೆಕೆಗೆ ಮತ್ತೆ ಬರುತ್ತದೆ.

ಲೋಟಗಳನ್ನು ಬಿಸಿನೀರಿನಲ್ಲಿಟ್ಟು ಮೇಣ ಬಿಡಿಸಿ, ಹಳೆಯ ಬತ್ತಿಗಳನ್ನು ಎಸೆಯಿರಿ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ನೇರ ಉರಿಯ ಮೇಲಲ್ಲ. ಎಣ್ಣೆ ಹಾಕದ ಹೊಸ ಮೇಣ 800 ಗ್ರಾಂ ಸೇರಿಸಿದರೆ ಪ್ರಮಾಣ ನೂರಕ್ಕೆ ಏಳಕ್ಕೆ ಬರುತ್ತದೆ. ಆರು ಲೋಟದ ಮೇಣ ಹನ್ನೊಂದು ಲೋಟಕ್ಕಾಗುತ್ತದೆ. ಬಣ್ಣ ತಿಳಿಯಾಗುವುದರಿಂದ ಬಿಳಿ ಹೂವೂ ಕಡಿಮೆ ಕಾಣುತ್ತದೆ.

ಉಳಿದ 34 ಲೋಟಗಳಲ್ಲಿ ಬತ್ತಿ ನಡುವೆ ನೇರವಾಗಿ ನಿಂತಿದೆಯೇ ಎಂದು ಒಂದೊಂದನ್ನೂ ಮೇಲಿನಿಂದ ನೋಡಿ. ವಾಲಿದ ಬತ್ತಿಯನ್ನು ಜನ ಅಂದದ ಕೊರತೆ ಎಂದು ಬಿಟ್ಟುಬಿಡುತ್ತಾರೆ. ಅದು ಒಂದೇ ಕಡೆಯ ಗಾಜನ್ನು ಕಾಯಿಸಿ ಒಡೆಯಬಹುದು. ನನ್ನ ಮೊದಲ ವರ್ಷ ಒಂದು ಲೋಟ ಹೀಗೆ ನನ್ನ ಮೇಜಿನ ಮೇಲೆಯೇ ಸೀಳಿ ಮೇಣವೆಲ್ಲ ಹರಿಯಿತು. ಅಂದಿನಿಂದ ಸುರಿದ ಕೂಡಲೇ ಬತ್ತಿಯನ್ನು ಐಸ್‌ಕ್ರೀಮ್ ಕಡ್ಡಿಯ ನಡುವೆ ಕೊರೆದ ತೂತಿಗೆ ಸಿಕ್ಕಿಸಿ, ಕಡ್ಡಿಯನ್ನು ಲೋಟದ ಬಾಯಿಗೆ ಅಡ್ಡ ಇಡುತ್ತೇನೆ.

ಪ್ರಶ್ನೆ (ಬನಶಂಕರಿ, ಮೂರು ದಿನದ ನಂತರ):

ಹನ್ನೊಂದು ಲೋಟ ಸುರಿದೆ. ದಿನಪತ್ರಿಕೆ, ಬೆಚ್ಚಗಿನ ಲೋಟ, ರಟ್ಟಿನ ಪೆಟ್ಟಿಗೆ, ಎಲ್ಲವೂ ನೀವು ಹೇಳಿದಂತೆ. ಒಂಬತ್ತು ಕನ್ನಡಿಯಂತೆ ಬಂದಿವೆ. ಎರಡರಲ್ಲಿ ಮಾತ್ರ ಉಗುರಿನಷ್ಟು ಮಚ್ಚೆ. ಹನಿ ಇಲ್ಲ. ಹಳೆಯ ಲೋಟಗಳಲ್ಲಿ ಮೂರರ ಬತ್ತಿ ವಾಲಿತ್ತು, ತೆಗೆದಿಟ್ಟಿದ್ದೇನೆ. ನಾದಿನಿಗೆ ತುಪ್ಪದ ಕತೆ ಹೇಳಿದೆ.

ಉತ್ತರ:

ಓದಿ ತುಂಬಾ ಸಂತೋಷವಾಯಿತು. ಆ ಎರಡನ್ನೂ ಧಾರಾಳವಾಗಿ ಕೊಡಿ. ವಾಲಿದ ಮೂರನ್ನು ಕರಗಿಸಿ ಹೊಸ ಬತ್ತಿ ಹಾಕಿಕೊಳ್ಳಿ. ಈಗ ಎಲ್ಲಕ್ಕೂ ಮುಚ್ಚಳ ಹಾಕಿ ಬಿಸಿಲು ಬೀಳದ ಕಡೆ ಇಡಿ. ಗೃಹಪ್ರವೇಶದ ಹೊತ್ತಿಗೆ ಪರಿಮಳ ಮೇಣದಲ್ಲಿ ಚೆನ್ನಾಗಿ ಕೂಡಿರುತ್ತದೆ. ಒಂದು ಲೋಟವನ್ನು ಮನೆಯಲ್ಲೇ ಇಟ್ಟುಕೊಂಡು, ಹಂಚುವ ಹಿಂದಿನ ದಿನ ಕಣ್ಣೆದುರು ಉರಿಸಿ ನೋಡಿ. ಪ್ರತಿ ಲೋಟದ ತಳಕ್ಕೆ ಚೀಟಿ ಅಂಟಿಸಿ: ಹಚ್ಚುವ ಮುನ್ನ ಬತ್ತಿಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿ, ಒಮ್ಮೆಗೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬೇಡಿ, ಪರದೆಯ ಹತ್ತಿರ ಇಡಬೇಡಿ.