‘ಹೋಟೆಲ್ ಎದುರು’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು? ಇನ್, ಆನ್, ಆ್ಯಟ್ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ತೆ. ನಾನು ಮೈಸೂರಿನ ಒಂದು ಹೋಟೆಲ್ಲಿನಲ್ಲಿ ಫ್ರಂಟ್ ಆಫೀಸ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಓದಿದ್ದು ಕನ್ನಡ ಮೀಡಿಯಂ. ವಿದೇಶಿ ಗೆಸ್ಟ್‌ಗಳು ದಾರಿ ಕೇಳಿದರೆ ಹೇಗೋ ಹೇಳುತ್ತೇನೆ. ಆದರೆ ಇನ್ ಹಾಕಬೇಕಾ, ಆನ್ ಹಾಕಬೇಕಾ, ಆ್ಯಟ್ ಹಾಕಬೇಕಾ ಅಂತ ಅಲ್ಲೇ ತಡವರಿಸುತ್ತೇನೆ. ನಮಗೆ ಮಾರ್ಕೆಟ್‌ನಲ್ಲಿ, ರಸ್ತೆಯಲ್ಲಿ, ಗೇಟಿನಲ್ಲಿ ಅಂತ ಎಲ್ಲಕ್ಕೂ ‘ಅಲ್ಲಿ’ ಸಾಕು. ಇದಕ್ಕೇನಾದರೂ ಲೆಕ್ಕ ಇದೆಯಾ, ಇಲ್ಲಾ ಬಾಯಿಪಾಠ ಮಾಡಬೇಕಾ?

ಉತ್ತರ: ಲೆಕ್ಕ ಇದೆ, ಬಾಯಿಪಾಠದ ಭಾರ ನೀವು ಅಂದುಕೊಂಡಷ್ಟಿಲ್ಲ. ‘ಅಲ್ಲಿ’ಯನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಬೇಡಿ. ಆ ಜಾಗವನ್ನು ನಾನು ಈಗ ಹೇಗೆ ನೋಡುತ್ತಿದ್ದೇನೆ ಅಂತ ಕೇಳಿಕೊಳ್ಳಿ. ಮ್ಯಾಪಿನ ಮೇಲೆ ಬೆರಳಿಟ್ಟು ತೋರಿಸುವ ಒಂದು ಚುಕ್ಕೆಯ ಹಾಗೆ ನೋಡಿದರೆ ಆ್ಯಟ್. ಒಂದು ಗೆರೆಯ ಮೇಲೋ, ಒಂದು ಮೈಗೆ ತಾಗಿಕೊಂಡೋ ಇದ್ದರೆ ಆನ್. ಸುತ್ತಲೂ ಎಲ್ಲೆ ಇದ್ದು ನಾವು ಅದರೊಳಗೆ ಇದ್ದರೆ ಇನ್.

ನಿಮ್ಮೂರಿನ ದೇವರಾಜ ಮಾರ್ಕೆಟನ್ನೇ ತೆಗೆದುಕೊಳ್ಳಿ. ಅದು ಸಯ್ಯಾಜಿರಾವ್ ರಸ್ತೆಯಲ್ಲಿದೆ. ರಸ್ತೆ ಒಂದು ಗೆರೆ, ಮಾರ್ಕೆಟ್ ಆ ಗೆರೆಗೆ ಅಂಟಿಕೊಂಡಿದೆ. ಹಾಗಾಗಿ ‘ದ ಮಾರ್ಕೆಟ್ ಈಸ್ ಆನ್ ಸಯ್ಯಾಜಿರಾವ್ ರೋಡ್’. ಗೆಸ್ಟ್‌ಗೆ ಗೈಡ್ ಎಲ್ಲಿ ಸಿಗುತ್ತಾನೆ ಅಂತ ಹೇಳುವಾಗ ‘ಹಿ ವಿಲ್ ಮೀಟ್ ಯೂ ಆ್ಯಟ್ ದ ಮಾರ್ಕೆಟ್’. ಬಾಗಿಲಲ್ಲೋ ಒಳಗೋ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಸೇರುವ ಚುಕ್ಕೆ ಅದು ಅಷ್ಟೇ. ಅದೇ ಗೆಸ್ಟ್ ಸಂಜೆ ಬಂದು, ಹೂವಿನ ಸಾಲು, ಕುಂಕುಮದ ರಾಶಿಗಳ ನಡುವೆ ದಾರಿ ತಪ್ಪಿದೆ ಅನ್ನುವಾಗ ‘ಐ ಗಾಟ್ ಲಾಸ್ಟ್ ಇನ್ ದ ಮಾರ್ಕೆಟ್’ ಅನ್ನುತ್ತಾರೆ. ಮಾರ್ಕೆಟ್ ಬದಲಾಗಲಿಲ್ಲ, ನೋಡುವ ರೀತಿ ಬದಲಾಯಿತು.

ಇಮೇಲ್ ವಿಳಾಸದ ನಡುವೆ ಬರುವ ಆ ಸುತ್ತಿದ ಚಿಹ್ನೆಯನ್ನು ‘ಆ್ಯಟ್’ ಅಂತ ಓದುತ್ತೇವಲ್ಲ, ಅದರಲ್ಲೂ ಇದೇ ಅರ್ಥ ಇದೆ. 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇಮೇಲ್ ಕಳಿಸುವ ದಾರಿ ಮಾಡಿದ ಅಮೆರಿಕದ ಪ್ರೋಗ್ರಾಮರ್ ರೇ ಟಾಮ್ಲಿನ್ಸನ್ ಆ ಚಿಹ್ನೆಯನ್ನು ಆರಿಸಿಕೊಂಡಿದ್ದು ಈ ವ್ಯಕ್ತಿ ಇಂಥ ಕಂಪ್ಯೂಟರಿನಲ್ಲಿ ಸಿಗುತ್ತಾನೆ ಅಂತ ತೋರಿಸಲು.

ವಿಳಾಸ ಹೇಳುವಾಗಲೂ ಇದೇ ಕ್ರಮ. ಮನೆ ನಂಬರಿಗೆ ಆ್ಯಟ್, ರಸ್ತೆಗೆ ಆನ್, ಬಡಾವಣೆಗೂ ಊರಿಗೂ ಇನ್. ಬ್ರಿಟನ್ನಿನವರು ‘ಇನ್ ದ ಸ್ಟ್ರೀಟ್’ ಅನ್ನುವುದೂ ಉಂಟು. ಕೇಳಿ ಗಾಬರಿಯಾಗಬೇಡಿ, ನೀವು ಆನ್ ಹಾಕಿದರೆ ಎಲ್ಲ ಕಡೆಯವರಿಗೂ ನಡೆಯುತ್ತದೆ.

ಹೋಟೆಲ್ ಕೆಲಸ ಅಂದಿರಿ, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮಹಡಿಗೆ ಯಾವತ್ತೂ ಆನ್: ‘ಯುವರ್ ರೂಮ್ ಈಸ್ ಆನ್ ದ ಫಸ್ಟ್ ಫ್ಲೋರ್’. ಆದರೆ ಅಮೆರಿಕದವರಿಗೆ ಫಸ್ಟ್ ಫ್ಲೋರ್ ಅಂದರೆ ನೆಲಮಹಡಿ. ನಮ್ಮ ಒಂದನೇ ಮಹಡಿ ಅವರಿಗೆ ಸೆಕೆಂಡ್ ಫ್ಲೋರ್. ‘ಒನ್ ಫ್ಲೋರ್ ಅಪ್’ ಅಂತ ಸೇರಿಸಿ ಹೇಳಿದರೆ ಲಗೇಜ್ ಹಿಡಿದುಕೊಂಡು ಕೆಳಗೆ ಹುಡುಕಾಡುವುದು ತಪ್ಪುತ್ತದೆ.

ಪ್ರಶ್ನೆ (ಮೈಸೂರಿನವರೇ ಮತ್ತೆ): ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು ಕೇಳಲಾ? ‘ಹೋಟೆಲ್ ಎದುರು’ ಅನ್ನುವುದಕ್ಕೆ ನಾನು ‘ಇನ್ ಫ್ರಂಟ್ ಆಫ್’ ಅಂತಲೇ ಹೇಳುವುದು. ಮೊನ್ನೆ ಗೆಸ್ಟ್‌ಗೆ ಮೆಡಿಕಲ್ ಶಾಪ್ ನಮ್ಮ ಹೋಟೆಲ್ ಎದುರೇ ಇದೆ ಅಂತ ಹಾಗೆ ಹೇಳಿದೆ. ಅವರು ಗೇಟಿನ ಹತ್ತಿರ ನಿಂತು ಆಚೆ ಈಚೆ ನೋಡುತ್ತಿದ್ದರು. ಅಂಗಡಿ ಇರುವುದು ರಸ್ತೆಯ ಆ ಬದಿ.

ಉತ್ತರ: ಇದು ಒಳ್ಳೆಯ ಪ್ರಶ್ನೆ. ಇನ್, ಆನ್ ತಪ್ಪಿದರೂ ಕೇಳುವವರಿಗೆ ಅರ್ಥ ಆಗುತ್ತದೆ. ಇಲ್ಲಿ ತಪ್ಪಿದರೆ ಮನುಷ್ಯ ಬೇರೆ ಜಾಗದಲ್ಲೇ ನಿಲ್ಲುತ್ತಾನೆ. ಅದಕ್ಕೇ ನಾನು ಕ್ಲಾಸಿನಲ್ಲಿ ಇದಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ.

‘ಹೋಟೆಲ್ ಎದುರು ಆಟೊ ನಿಂತಿದೆ’ ಅನ್ನುತ್ತೇವೆ. ‘ಹೋಟೆಲ್ ಎದುರು ಮೆಡಿಕಲ್ ಶಾಪ್ ಇದೆ’ ಅಂತಲೂ ಅನ್ನುತ್ತೇವೆ. ಆಟೊ ಇರುವುದು ನಮ್ಮದೇ ಬದಿಯಲ್ಲಿ, ಬಾಗಿಲ ಮುಂದೆ. ಅಂಗಡಿ ಇರುವುದು ರಸ್ತೆ ದಾಟಿ, ನಮ್ಮ ಕಡೆ ಮುಖ ಮಾಡಿಕೊಂಡು. ಇಂಗ್ಲಿಷಿನಲ್ಲಿ ಮೊದಲನೆಯದು ಇನ್ ಫ್ರಂಟ್ ಆಫ್, ಎರಡನೆಯದು ಆಪೊಸಿಟ್. ನಡುವೆ ರಸ್ತೆ ಇದೆಯಾ ಅಂತ ನೋಡಿ. ಇದ್ದರೆ ಆಪೊಸಿಟ್. ಊಟದ ಮೇಜಿಗೂ ಇದೇ ಮಾತು. ಮೇಜಿನ ಆ ಬದಿ ನಿಮ್ಮ ಕಡೆ ಮುಖ ಮಾಡಿ ಕೂತವರು ‘ಆಪೊಸಿಟ್ ಯೂ’. ಕ್ಯೂನಲ್ಲಿ ನಿಮಗೆ ಬೆನ್ನು ಹಾಕಿ ನಿಂತವರು ‘ಇನ್ ಫ್ರಂಟ್ ಆಫ್ ಯೂ’.

ಆಪೊಸಿಟ್ ಆದಮೇಲೆ ‘ಟು’ ಬೇಡ. ‘ಆಪೊಸಿಟ್ ಟು ದ ಹೋಟೆಲ್’ ಅಂತ ನಮ್ಮ ಬೋರ್ಡುಗಳಲ್ಲೆಲ್ಲ ಬರೆದಿರುತ್ತಾರೆ, ‘ಆಪೊಸಿಟ್ ದ ಹೋಟೆಲ್’ ಸಾಕು. ಅಮೆರಿಕದವರ ಜೊತೆ ‘ಅಕ್ರಾಸ್ ದ ಸ್ಟ್ರೀಟ್’ ಅಂದರೆ ಇನ್ನೂ ಸಲೀಸು. ನಿಮ್ಮ ಗೆಸ್ಟ್‌ಗೆ ಹೀಗೆ ಹೇಳಬಹುದಿತ್ತು: ‘ದೇರ್ ಈಸ್ ಎ ಮೆಡಿಕಲ್ ಶಾಪ್ ಆಪೊಸಿಟ್ ದ ಹೋಟೆಲ್, ಅಕ್ರಾಸ್ ದ ರೋಡ್’.

ಹಿಂದುಗಡೆಗೆ ‘ಬ್ಯಾಕ್‌ಸೈಡ್’ ಅನ್ನುವುದನ್ನು ಮಾತ್ರ ಬಿಟ್ಟುಬಿಡಿ. ಹೊರದೇಶದವರಿಗೆ ಅದು ಕೂರುವ ಭಾಗದ ಹೆಸರು. ಪಾರ್ಕಿಂಗ್ ಜಾಗ ಹೋಟೆಲ್ ಕಟ್ಟಡದ ಹಿಂದೆ ಇದ್ದರೆ ‘ಬಿಹೈಂಡ್ ದ ಹೋಟೆಲ್’ ಅನ್ನಿ.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ನಾನ್ ಪಿಯುಸಿ. ಕ್ರಿಕೆಟ್ ಕಾಮೆಂಟರಿಯೊಳಗ ಒಮ್ಮೆ ‘ಇನ್ ದ ಸ್ಲಿಪ್ಸ್’ ಅಂತಾರ, ಒಮ್ಮೆ ‘ಆ್ಯಟ್ ಫಸ್ಟ್ ಸ್ಲಿಪ್’ ಅಂತಾರ. ಎರಡೂ ಸರಿ ಏನ್ರಿ?

ಉತ್ತರ: ಎರಡೂ ಸರಿ. ನಾನು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಫಸ್ಟ್ ಸ್ಲಿಪ್, ಪಾಯಿಂಟ್, ಗಲ್ಲಿ, ಫೈನ್ ಲೆಗ್ ಇವೆಲ್ಲ ಒಬ್ಬ ಆಟಗಾರ ನಿಲ್ಲುವ ಒಂದೊಂದು ಚುಕ್ಕೆ, ಅದಕ್ಕೆ ಆ್ಯಟ್. ಸ್ಲಿಪ್ಸ್, ಕವರ್ಸ್ ಅಂತ ಬಹುವಚನದಲ್ಲಿ ಅಂದಾಗ ಅದು ಒಂದು ಪ್ರದೇಶ, ಅದಕ್ಕೆ ಇನ್. ಬೌಂಡರಿ ಗೆರೆ, ಅದಕ್ಕೆ ಆನ್: ‘ಕಾಟ್ ಆನ್ ದ ಬೌಂಡರಿ’. ನಮ್ಮ ದ್ರಾವಿಡ್ ಟೆಸ್ಟ್‌ನಲ್ಲಿ ಹಿಡಿದ 210 ಕ್ಯಾಚುಗಳಲ್ಲಿ ಎಷ್ಟೋ ಬಂದಿದ್ದು ‘ಇನ್ ದ ಸ್ಲಿಪ್ಸ್’. ಮುಂದಿನ ಮ್ಯಾಚ್ ನೋಡುವಾಗ ಪೆನ್ನು ಹಿಡಿದುಕೊಂಡು ಕೂತುಕೋ ಮಗಾ. ಒಂದು ಓವರಿನೊಳಗೆ ಮೂರೂ ಕಿವಿಗೆ ಬೀಳುತ್ತವೆ.

ಪ್ರಶ್ನೆ (ಶಿವಮೊಗ್ಗ): ನನ್ನ ಮಗಳು ನೋಟ್‌ಬುಕ್‌ನಲ್ಲಿ ‘ದೇರ್ ಈಸ್ ಎ ಬರ್ಡ್ ಇನ್ ದ ಟ್ರೀ’ ಅಂತ ಬರೆದಿದ್ದಳು. ಅದನ್ನು ಹೊಡೆದು ‘ಆನ್’ ಅಂತ ತಿದ್ದಿ ಕಳಿಸಿದ್ದಾರೆ. ಹಕ್ಕಿ ಮರದ ಮೇಲೆ ತಾನೇ ಕೂರುವುದು? ಯಾರದು ಸರಿ ಮೇಡಂ?

ಉತ್ತರ: ಮಗಳು ಬರೆದಿದ್ದೇ ಸರಿ, ಅವಳಿಗೆ ಹೇಳಿ. ಎಲೆ ಕೊಂಬೆಗಳ ನಡುವೆ ಬಂದು ಕೂತ ಹಕ್ಕಿ, ಮಂಗ, ಮರ ಹತ್ತಿದ ಹುಡುಗ, ಎಲ್ಲರೂ ‘ಇನ್ ದ ಟ್ರೀ’. ಮರದ್ದೇ ಆದ ಹಣ್ಣು, ಎಲೆ, ಹೂವು ‘ಆನ್ ದ ಟ್ರೀ’. ಕೊಂಬೆಯ ಹೆಸರು ಹೇಳಿದರೆ ಹಕ್ಕಿಗೂ ಆನ್: ‘ಆನ್ ಎ ಬ್ರಾಂಚ್’.

ತಿದ್ದಿದವರಿಗೂ ‘ಮೇಲೆ’ ಅಂದರೆ ಆನ್ ಅನ್ನುವ ಅಭ್ಯಾಸ ಇರಬೇಕು. ಅದು ಎಲ್ಲ ಕಡೆ ನಡೆಯುವುದಿಲ್ಲ. ಆನ್‌ಗೆ ತಾಗಿರುವುದು ಮುಖ್ಯ. ಗೋಡೆಯ ಮೇಲಿನ ಹಲ್ಲಿ ‘ಆನ್ ದ ವಾಲ್’. ಸೀಲಿಂಗಿಗೆ ತಲೆಕೆಳಗಾಗಿ ಅಂಟಿಕೊಂಡ ನೊಣವೂ ‘ಆನ್ ದ ಸೀಲಿಂಗ್’. ಆದರೆ ‘ಮಂಚದ ಮೇಲೆ ಫ್ಯಾನ್ ತಿರುಗುತ್ತಿದೆ’ ಅನ್ನುವಾಗ ಫ್ಯಾನು ಮಂಚಕ್ಕೆ ತಾಗಿಲ್ಲ ಅಲ್ವಾ? ಅಲ್ಲಿ ‘ಅಬವ್ ದ ಬೆಡ್’ ಅಥವಾ ‘ಓವರ್ ದ ಬೆಡ್’. ಆನ್ ಹಾಕಿದರೆ ಫ್ಯಾನು ಕಳಚಿ ಹಾಸಿಗೆಗೆ ಬಿದ್ದಿದೆ ಅಂತ ಅರ್ಥ ಆಗುತ್ತದೆ.

ಶಾಲೆಗೆ ಹೋದಾಗ ಜಗಳ ಬೇಡ, ಒಂದು ಒಳ್ಳೆಯ ಡಿಕ್ಷನರಿಯಲ್ಲಿ ಟ್ರೀ ಪದದ ಉದಾಹರಣೆಗಳನ್ನು ಟೀಚರ್ ಜೊತೆ ಕೂತು ನೋಡಿ. ಮಗುವಿನ ಸರಿಯಾದ ಉತ್ತರಕ್ಕೆ ಅಂಕ ಸಿಗಲೇಬೇಕು.

ಪ್ರಶ್ನೆ (ಬೆಂಗಳೂರು): ‘ಐ ಆ್ಯಮ್ ಇನ್ ದ ಬಸ್’ ತಪ್ಪಾ? ಆಫೀಸಿನಲ್ಲಿ ಎಲ್ಲರೂ ‘ಆನ್ ದ ಬಸ್’ ಅನ್ನುತ್ತಾರೆ. ಬಸ್ಸಿನ ಮೇಲೆ ಕೂತಿದ್ದೀರಾ ಅಂತ ಕೇಳಬೇಕು ಅನಿಸುತ್ತದೆ.

ಉತ್ತರ: ತಪ್ಪಲ್ಲ. ಪ್ರಯಾಣದಲ್ಲಿದ್ದೇನೆ ಅನ್ನುವಾಗ ಆನ್ ಸಹಜ, ಒಳಗೆ ಅನ್ನುವುದನ್ನೇ ಒತ್ತಿ ಹೇಳುವಾಗ ಇನ್. ಎದ್ದು ನಿಂತು ಓಡಾಡಲು ಜಾಗ ಇರುವ ಬಸ್ಸು, ರೈಲು, ವಿಮಾನ, ಹಡಗುಗಳಿಗೆ ಆನ್. ಬಗ್ಗಿ ಹತ್ತಿ ಕೂರುವ ಕಾರು, ಆಟೊಗೆ ಇನ್. ಬೈಕಿಗೆ, ಸೈಕಲ್ಲಿಗೆ, ಕುದುರೆಗೆ ಮತ್ತೆ ಆನ್. ಹತ್ತಿ ಇಳಿಯುವ ಮಾತೂ ಇದನ್ನೇ ಹಿಂಬಾಲಿಸುತ್ತದೆ: ಬಸ್ಸಿಗೆ ‘ಗೆಟ್ ಆನ್, ಗೆಟ್ ಆಫ್’, ಕಾರಿಗೆ ‘ಗೆಟ್ ಇನ್, ಗೆಟ್ ಔಟ್’.

ಪ್ರಶ್ನೆ (ಕಲಬುರಗಿ): ಮೂಲೆಗೆ ಯಾವುದು? ಮತ್ತೆ ‘ರೀಚ್ಡ್ ಟು ಮೈಸೂರು’ ಸರಿನಾ?

ಉತ್ತರ: ಕೋಣೆಯ ಮೂಲೆ ಒಳಗಿನದು, ‘ಇನ್ ದ ಕಾರ್ನರ್’. ರಸ್ತೆಯ ಮೂಲೆ ಹೊರಗಿನದು, ‘ಆ್ಯಟ್ ದ ಕಾರ್ನರ್’ ಅಥವಾ ‘ಆನ್ ದ ಕಾರ್ನರ್’. ರೀಚ್‌ಗೆ ಏನೂ ಬೇಡ: ‘ವಿ ರೀಚ್ಡ್ ಮೈಸೂರು’. ಅರೈವ್‌ಗೆ ಮಾತ್ರ ಬೇಕು, ಊರಿಗೆ ಇನ್, ಸ್ಟೇಷನ್ನಿಗೆ ಆ್ಯಟ್. ಜಾಗದ ಹೆಸರಿಗೆ ‘ಅರೈವ್ ಟು’ ಅನ್ನುವುದಿಲ್ಲ. ಹೋಗುವ, ತಲುಪುವ ಮಾತಿನಲ್ಲಿ ಹೋಮ್ ಪದಕ್ಕೆ ಇವ್ಯಾವುದೂ ಬೇಡ: ‘ಗೋ ಹೋಮ್’, ‘ಅರೈವ್ ಹೋಮ್’.